ನೆಟ್ಟಗೆ ಊದಿದ ಹಾಡು

ಮೆಲ್ಬರ್ನಿನ ವಿಂಡಮ್ ವೇಲ್. ಅಕ್ಕನ ನೆರೆಮನೆಯ ಜಪಾನಿ ಮಹಿಳೆ ಹಾರ್ಪ್ ನುಡಿಸುತ್ತಾರೆ. ಇವತ್ತು ಬೆಳಗ್ಗೆ ಹತ್ತಿರದ ವೃದ್ಧಾಶ್ರಮದಲ್ಲಿ, ಅಲ್ಲಿರುವ ಜಪಾನಿ ಅಜ್ಜಿಯರಿಗಾಗಿ ಅವರ ಕಾರ್ಯಕ್ರಮ, ಜಪಾನಿನ ಹಳೆಯ ಮಕ್ಕಳ ಹಾಡುಗಳದ್ದು. ಜೊತೆಗೆ ಫ್ಲೂಟ್ ನುಡಿಸಬೇಕಿದ್ದವರ ವಿಮಾನ ಸಿಡ್ನಿಯಿಂದ ಹೊರಡಲೇ ಇಲ್ಲ. ಊರಿನಿಂದ ಬಂದಿದ್ದ ನನ್ನನ್ನು ಅಕ್ಕ ಮುಂದೆ ತಳ್ಳಿದಳು.

ನನ್ನ ಬಿದಿರಿನ ಕೊಳಲಿನ ಶ್ರುತಿಗೆ ಹಾರ್ಪಿನವರು ತಂತಿಗಳನ್ನು ಹೊಂದಿಸಿಕೊಂಡರು. ಐದೇ ಸ್ವರಗಳ ಹಾಡು, ನಮ್ಮ ಮೋಹನ ರಾಗದ ಹಾಗೆ. ಇದೇನು ಮಹಾ ಎಂದುಕೊಂಡು ಮೂವತ್ತು ವರ್ಷದ ಅಭ್ಯಾಸವನ್ನೆಲ್ಲ ಸುರಿದೆ. ಒಂದು ಸ್ವರವನ್ನೂ ಗಮಕ ಹಾಕಿ ಅಲುಗಾಡಿಸದೆ ಬಿಡಲಿಲ್ಲ. ಮೊದಲ ಸಾಲಿಗೆ ದನಿಗೂಡಿಸಿದ್ದ ಜಪಾನಿ ಅಜ್ಜಿಯರು ಎರಡನೆಯ ಸಾಲಿಗೆ ಒಬ್ಬೊಬ್ಬರಾಗಿ ಸುಮ್ಮನಾದರು. ಮೈಮರೆತು ಕೇಳುತ್ತಿದ್ದಾರೆ ಎಂದುಕೊಂಡು ಅದೇ ಸಾಲನ್ನು ಬೇರೆ ಬಗೆಯಲ್ಲಿ ತಿರುಗಿಸಿ ಇನ್ನೊಂದು ಸಂಗತಿ ಹಾಕಿದೆ.

ಹಾಡು ಮುಗಿದಾಗ ಅಕ್ಕ ಹತ್ತಿರ ಬಂದು ಪಿಸುಗುಟ್ಟಿದಳು: “ಇದು ಕಛೇರಿಯಲ್ಲ ಕಣೋ. ನಿನ್ನ ಗಮಕದಲ್ಲಿ ಅವರಿಗೆ ಹಾಡೇ ಸಿಗ್ತಿಲ್ಲ. ಸುಮ್ನೆ ನೆಟ್ಟಗೆ ಊದು.”

ಅದೇ ಹಾಡನ್ನು ಮತ್ತೆ ಎತ್ತಿಕೊಂಡೆವು. ಸ್ವರವನ್ನು ಬರೀ ನಿಲ್ಲಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಬೆರಳು ತಾನಾಗಿ ಜಾರಲು ಹೋಗುತ್ತಿತ್ತು, ತಡೆದುಕೊಂಡೆ. ಈ ಸಲ ಅಜ್ಜಿಯರು ಕೊನೆಯವರೆಗೂ ಹಾಡಿದರು.

ಗಾಲಿಕುರ್ಚಿಯಲ್ಲಿದ್ದ ಒಬ್ಬರು ನನ್ನ ಕಡೆ ಕೈ ತೋರಿಸಿ ಏನೋ ಕೇಳಿದರು. ಹಾರ್ಪಿನವರು ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ತಿಳಿಸಿದರು: ನಾನು ಕೊಳಲು ಕಲಿಯಲು ಶುರು ಮಾಡಿ ಎಷ್ಟು ದಿನವಾಯಿತು ಎಂದು ಅಜ್ಜಿ ಕೇಳುತ್ತಿದ್ದಾರೆ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು: “ಜಸ್ಟ್ ಟುಡೇ.”