ತೋಳೇರಿದ ಗಡಿಯಾರ

ಸ್ನಾನಕ್ಕೆಂದು ಕೈಗಡಿಯಾರವನ್ನು ಬಿಚ್ಚಿಟ್ಟ ಮೇಲೂ ಮಣಿಕಟ್ಟಿನಲ್ಲಿ ಅದರ ಬಿಗಿತ ಉಳಿದಿರುವುದನ್ನು ನೀವೂ ಗಮನಿಸಿರಬಹುದು. ಎದ್ದೊಡನೆ ಅದಕ್ಕೆ ಕೀ ಕೊಟ್ಟು, ಅದರ ಅಪ್ಪಣೆಯಂತೆಯೇ ಉಣ್ಣುವ, ಓದುವ, ಮಲಗುವ ನನ್ನಂಥವನ ಪಾಲಿಗಂತೂ ಅದು ಜನ್ಮಜಾತ ಅವಯವ. ಚರ್ಮದ ಮಾತನ್ನು ನಂಬಿ ನಾನೊಮ್ಮೆ ಇಡೀ ಪಂಕ್ತಿಯನ್ನು ಪಾಯಸಕ್ಕಾಗಿ ಕಾಯಿಸಿದ್ದೇನೆ.

ಎಪ್ಪತ್ತರ ದಶಕದ ಕೊನೆ. ಕಡಿಯಾಳಿಯ ನಮ್ಮ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಕಾರ್ಕಳದಿಂದ ಬಂದ ಗಂಡಿನ ಕಡೆಯವರು ಎಲೆಯ ಮುಂದೆ ಕುಳಿತಿದ್ದರು. ಬಡಿಸುವುದು ಮನೆಯ ಗಂಡಸರ ಕೆಲಸ. ಶಿಸ್ತಿನ ಮನುಷ್ಯನೆಂಬ ಖ್ಯಾತಿ ಬೇರೆ ನನಗೆ. ಅಂಗಿಯ ತೋಳು ಮಡಚಿ, ಪಂಚೆ ಎತ್ತಿ ಕಟ್ಟಿ, ಅನ್ನ, ಸಾರು, ಹುಳಿ ಎಂದು ಓಡಾಡಿದೆ. ಕೊಪ್ಪರಿಗೆಯಿಂದ ಬಕೆಟ್ಟಿಗೆ ಪಾಯಸ ತುಂಬಿಸಿಕೊಂಡು, ಹೊತ್ತು ನೋಡಲೆಂದು ಕೈ ತಿರುಗಿಸಿದರೆ ಮಣಿಕಟ್ಟು ಬರಿದು! ಬಿಗಿತ ಮಾತ್ರ ಯಥಾಸ್ಥಿತಿಯಲ್ಲಿತ್ತು; ಅಂದರೆ ಪಾಯಸ ತುಂಬಿಸುವಾಗ ಈಗಷ್ಟೇ ಜಾರಿರಬೇಕು.

"ಭಟ್ರೇ, ಪಾಯಸ ಬಡಿಸುವುದು ಬೇಡ. ವಾಚ್ ಅದರಲ್ಲಿ ಬಿದ್ದಿರಬೇಕು" ಎಂದೆ, ಅಡಿಗೆಯವರ ಬಳಿ.

"ಅಯ್ಯೋ ದೇವರೇ! ಗೋಡಂಬಿ ಹಾಕಿದ್ದು ನಾನು. ವಾಚ್ ಯಾರು ಹಾಕಿದ್ದು ಮಾರಾಯ್ರೆ?" ಎನ್ನುತ್ತ ಭಟ್ಟರು ಸೌಟಿನಿಂದ ಕೊಪ್ಪರಿಗೆಯ ತಳ ಕೆದಕತೊಡಗಿದರು.

ಚಾವಡಿಯಿಂದ ಬೀಗರ ಧ್ವನಿ ಬಂತು: "ಎಂತದು, ಪಾಯಸ ಉಂಟಾ ಇಲ್ವಾ?"

"ಉಂಟು, ಉಂಟು. ಇನ್ನೂ ಒಂದು ಕುದಿ ಬರಬೇಕು" ಎಂದು ಅತ್ತ ನಕ್ಕ ನನ್ನ ಹೆಂಡತಿ ಶಾರದೆ, ಇತ್ತ ತಿರುಗುವಾಗ ಆ ನಗೆಯನ್ನು ಅಲ್ಲಿಯೇ ಬಿಟ್ಟು ಬಂದಳು. "ಅವರ ಬಾಯಿಗೆ ಗಾಜು ಸಿಕ್ಕಿದರೆ ಈ ಸಂಬಂಧದ ಗತಿ ಎಂತ?"

ನಾನು ಉಗ್ರಾಣಕ್ಕೆ ಹೋಗಿ, ಅಕ್ಕಿಮುಡಿಯ ಮೇಲೆ ಕುಸಿದು, ತಲೆಯ ಮೇಲೆ ಎಡಗೈ ಹೊತ್ತೆ. ಕಿವಿಯ ಪಕ್ಕದಲ್ಲಿಯೇ ಟಿಕ್ ಟಿಕ್! ಸಾರು ತಾಗದಿರಲೆಂದು ಗಡಿಯಾರದ ಹಿಗ್ಗುವ ಸ್ಟೀಲ್ ಪಟ್ಟಿಯನ್ನು ಮೊಣಕೈಯಿಂದಾಚೆಗೆ ಏರಿಸಿ, ಅದರ ಮೇಲೆಯೇ ಅಂಗಿಯ ತೋಳು ಮಡಚಿದ್ದ ಮಹಾನುಭಾವ ನಾನೇ.

ಅಷ್ಟು ಕೆದಕಿಸಿಕೊಂಡ ಪಾಯಸ ಒಳ್ಳೆಯ ಹದಕ್ಕೆ ಗಟ್ಟಿಯಾಗಿತ್ತು. ಬೀಗರು ಮತ್ತೆ ಮತ್ತೆ ಹಾಕಿಸಿಕೊಂಡು, "ಇದಕ್ಕೆ ಎಷ್ಟು ಕಾದರೂ ಅಡ್ಡಿಯಿಲ್ಲ" ಎಂದರು.

ಮಣಿಪಾಲದಲ್ಲಿ ವೈದ್ಯಕೀಯ ಕಲಿಸುವ ತಮ್ಮನ ಮಗ ಊಟವಾದ ಮೇಲೆ ನನ್ನನ್ನು ಸಮಾಧಾನಪಡಿಸಿದ: "ಚರ್ಮ ಹೊಸ ಸುದ್ದಿ ಮಾತ್ರ ಹೇಳುವುದು ದೊಡ್ಡಪ್ಪ. ತೋಳಿನಲ್ಲಿ ವಾಚ್ ಅಲುಗದೆ ಕೂತಿತು, ಚರ್ಮ ಸುಮ್ಮನಾಯಿತು. ಮಣಿಕಟ್ಟಿನಲ್ಲಿ ದಿನಾ ಇರ್ತದಲ್ವಾ, ಇವತ್ತೂ ಉಂಟು ಅಂತ ಮೆದುಳು ತಾನೇ ಹೇಳಿಕೊಂಡಿತು."

ಅಂದರೆ ಇಲ್ಲದ್ದಕ್ಕೆ ಸಾಕ್ಷಿ, ಇದ್ದದ್ದಕ್ಕೆ ಮೌನ. ಶಿಸ್ತು ಶಿಸ್ತು ಎಂದು ನಾನು ಬೀಗುತ್ತಿದ್ದುದರಲ್ಲಿ ಮೆದುಳಿನ ಈ ಸೋಮಾರಿತನದ ಪಾಲೆಷ್ಟೋ! ಅಂದಿನ ಆ ಒಂದು ಕುದಿಯ ಸುಳ್ಳಿಗಾಗಿ ಶಾರದೆಗೆ ನಾನು ಕೃತಜ್ಞತೆ ಹೇಳಿದ ನೆನಪೂ ಇಲ್ಲ. ದಿನವೂ ಇರುವವಳಲ್ಲವೇ, ಚರ್ಮ ಸುಮ್ಮನಿತ್ತು.

ಇಂದು ಮಗಳು, ಅಳಿಯ ಊಟಕ್ಕೆ ಬರುವವರಿದ್ದಾರೆ. ಗಡಿಯಾರ ಬಿಚ್ಚಿಟ್ಟು ಬಚ್ಚಲಿಗೆ ಹೊರಟೆ. ಕೈ 'ಇದೆ' ಎಂದಿತು, ಕಣ್ಣು 'ಇಲ್ಲ' ಎಂದಿತು. ಯಾವುದಕ್ಕೂ ಇರಲೆಂದು ತಲೆಯ ಮೇಲೆ ಕೈ ಹೊತ್ತು, ಕಿವಿಗೊಟ್ಟು ನಿಂತೆ.

ಅಡಿಗೆಮನೆಯಿಂದ ನೋಡಿದ ಶಾರದೆ ಹೇಳಿದಳು: "ನೀವು ನಿಧಾನ ಹುಡುಕಿ. ನಾನು ಪಾಯಸಕ್ಕೆ ಮುಚ್ಚಳ ಹಾಕಿಡ್ತೇನೆ."