ಮೂರನೇ ಸಲ ಕೇಳಿದ ಅಜ್ಜಿ

ಮೂರು ವರ್ಷದ ಹಿಂದಿನ ಯುಗಾದಿ. ನಾನು ಬ್ರಿಸ್ಬೇನಿಗೆ ಓದಲು ಬಂದು ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿಯ ಕ್ಯಾಲಮ್‌ವೇಲ್ ಬಡಾವಣೆಯಲ್ಲಿ ಮೈಸೂರಿನ ಕಡೆಯ ಒಂದು ಸಂಸಾರದ ಮನೆಯಲ್ಲಿ ಹಿಂದಿನ ರೂಮು ಬಾಡಿಗೆಗೆ ಹಿಡಿದಿದ್ದೆ. ಬೆಳಿಗ್ಗೆ ಬಾಟಲಿಗೆ ನೀರು ತುಂಬಿಸಿಕೊಳ್ಳಲು ಅಡುಗೆಮನೆಗೆ ಹೋದರೆ ಘಮ್ಮೆಂದು ಹೂರಣದ ವಾಸನೆ. ಮನೆಯ ಆಂಟಿ ಒಲೆಯ ಮುಂದೆ ನಿಂತಿದ್ದರು.

"ಒಬ್ಬಟ್ಟು ತಿಂತೀಯಾ?" ಎಂದರು.

"ಬೇಡ ಆಂಟಿ, ಪರ್ವಾಗಿಲ್ಲ," ಎಂದೆ.

"ಓಕೆ ಕಣಮ್ಮ, ಹ್ಯಾಪಿ ಯುಗಾದಿ," ಎಂದವರೇ ಕಾವಲಿಯ ಕಡೆ ತಿರುಗಿಬಿಟ್ಟರು!

ಬೇಡ ಎಂದರೆ ಬೇಡ ಎಂದೇ ತಿಳಿದುಕೊಳ್ಳುವುದೇ? ಅದೂ ಹಬ್ಬದ ದಿನ? ಬಾಟಲಿ ತುಂಬಿ ನೀರು ಕೈಮೇಲೆ ಸುರಿಯುತ್ತಿದ್ದರೂ ನಾನು ಅಲ್ಲೇ ನಿಂತಿದ್ದೆ. ಆಂಟಿಯದೇನೂ ತಪ್ಪಿಲ್ಲ. ಹದಿನೈದು ವರ್ಷದಿಂದ ಇಲ್ಲಿರುವವರು, ಇಲ್ಲಿಯ ರೂಢಿ ಬಂದುಬಿಟ್ಟಿದೆ. ಇಲ್ಲಿ ಒಂದು ಸಲ ಕೇಳುತ್ತಾರೆ, ಅಷ್ಟೇ. ನನಗೋ ಮೊದಲನೇ ಸಲಕ್ಕೇ ಹೂಂ ಅನ್ನಲು ಬಾಯೇ ಬರುವುದಿಲ್ಲ. ಕಾರಿನಲ್ಲಿ ಬಿಡುತ್ತೇವೆ ಅಂದವರಿಗೆ ಬೇಡ ಅಂದು ಬಸ್ಸಿಗೆ ಕಾದಿದ್ದೇನೆ. ಬೀಚಿಗೆ ಕರೆದ ಕ್ಲಾಸಿನವರಿಗೆ ಎರಡು ಸಲ ಬೇಡ ಅಂದೆ, ಆಮೇಲೆ ಅವರು ಕರೆಯುವುದನ್ನೇ ಬಿಟ್ಟರು. ಅವತ್ತು ರೂಮಿನ ಬಾಗಿಲು ಹಾಕಿಕೊಂಡು, ಬ್ರೆಡ್ಡಿಗೆ ಜಾಮ್ ಸವರಿ ತಿಂದು, ಚೆನ್ನಾಗಿ ಅತ್ತೆ.

ಅಷ್ಟರಲ್ಲಿ ಅಪ್ಪನ ಫೋನು. "ಒಬ್ಬಟ್ಟು ತಿಂದ್ಯಾ ಪುಟ್ಟಿ?"

"ಹೂಂ ಅಪ್ಪ. ಆಂಟಿ ನಾಲ್ಕು ಹಾಕ್ಬಿಟ್ರು."

"ಹಂಗಾ? ಒಳ್ಳೇದಾಯ್ತು ಬಿಡು," ಎಂದರು ಅಪ್ಪ.

ನಮ್ಮಪ್ಪ ತುಮಕೂರಿನ ಕಡೆ ಮದುವೆ ಊಟಕ್ಕೆ ಬಡಿಸುವವರು. ಅಡುಗೆಯವರಾದರೂ ಒಂದು ಹೆಸರಿರುತ್ತದೆ, ಬಡಿಸುವವರನ್ನು ಯಾರು ಕೇಳುತ್ತಾರೆ? ಪಿಯುಸಿಯಲ್ಲಿದ್ದಾಗ ಗೆಳತಿಯ ಅಕ್ಕನ ಮದುವೆಗೆ ಹೋಗಿದ್ದೆ. ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ಟು ಹಿಡಿದು, "ಸ್ವಲ್ಪ ಹಾಕಿಸ್ಕೊಳ್ಳಿ, ಒಂದೇ ಸೌಟು" ಎಂದು ಸಾಲುದ್ದಕ್ಕೂ ಬಾಗುತ್ತಾ ಬರುತ್ತಿದ್ದ ಅಪ್ಪನನ್ನು ಕಂಡು, ಅವರು ನನ್ನ ಎಲೆಯ ಹತ್ತಿರ ಬರುವ ಮೊದಲೇ ಎದ್ದು ಓಡಿದ್ದೆ. ಸೌಟು ಮುಟ್ಟದ ಕೆಲಸ ಹಿಡಿಯಬೇಕು ಎಂದೇ ಫುಡ್ ಸೈನ್ಸ್ ಓದಲು ಬಂದದ್ದು. ಯಾವುದಾದರೂ ಕಂಪನಿಯ ಲ್ಯಾಬು, ಬಿಳಿ ಕೋಟು, ಅಷ್ಟೇ ನನ್ನ ಗುರಿ. ಫಾರಂಗಳಲ್ಲಿ ತಂದೆಯ ಉದ್ಯೋಗದ ಮುಂದೆ 'ಬಿಸಿನೆಸ್' ಎಂದು ಬರೆಯುತ್ತಿದ್ದೆ.

ಖರ್ಚಿಗೆಂದು ನಾನು ವೃದ್ಧರ ಕೇರ್ ಹೋಮ್ ಒಂದರಲ್ಲಿ ಮಧ್ಯಾಹ್ನದ ಪಾಳಿ ಮಾಡುತ್ತಿದ್ದೆ. ಅಲ್ಲೂ ನಸೀಬು ನೋಡಿ, ಊಟದ ಟ್ರೇ ಹಂಚುವ ಕೆಲಸ! ಅಲ್ಲಿದ್ದ ಎಲೆನಾ ಎಂಬ ಅಜ್ಜಿ ಚಿಲಿ ದೇಶದವರು. ನಲವತ್ತು ವರ್ಷ ಬ್ರಿಸ್ಬೇನಿನಲ್ಲಿ ಬಾಳಿದರೂ ಮರೆವಿನ ಕಾಯಿಲೆ ಬಂದಮೇಲೆ ಇಂಗ್ಲಿಷು ಪೂರ್ತಿ ಹೋಗಿ ಬರೀ ಸ್ಪ್ಯಾನಿಷ್ ಉಳಿದಿತ್ತು. ಮೊಮ್ಮಗಳು ಲೂಸಿಯಾ ನನ್ನ ವಯಸ್ಸಿನವಳು, ಎರಡು ದಿನಕ್ಕೊಮ್ಮೆ ಸಂಜೆ ಬಂದು ಅಜ್ಜಿಯ ತಲೆ ಬಾಚಿ ಹೋಗುತ್ತಿದ್ದಳು.

ಒಂದು ಸಂಜೆ ಅವಳು ಅಜ್ಜಿಯ ಪಕ್ಕ ಕುಳಿತು ಸ್ಕಾಲರ್‌ಶಿಪ್ಪಿನ ಅರ್ಜಿ ಬರೆಯುತ್ತಿದ್ದಳು. ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳಿಗೆ ಕೊಡುವಂಥದ್ದು. ನಿಮ್ಮ ಮನೆತನ, ಭಾಷೆ, ಪದ್ಧತಿಗಳು ನಿಮ್ಮ ಓದಿನ ಗುರಿಯನ್ನು ಹೇಗೆ ರೂಪಿಸಿವೆ ಎಂಬುದು ಪ್ರಶ್ನೆ. ಅವಳು ಪುಟ ತುಂಬಿಸಿಬಿಟ್ಟಿದ್ದಳು. ಏಳನೇ ವಯಸ್ಸಿನಿಂದ ಆಸ್ಪತ್ರೆಯಲ್ಲಿ ಡಾಕ್ಟರಿಗೂ ಅಜ್ಜಿಗೂ ನಡುವೆ ಮಾತು ದಾಟಿಸಿದವಳು ಅವಳೇ. ಅದಕ್ಕೇ ಮಾತು ಕಳೆದುಕೊಂಡವರಿಗೆ ಚಿಕಿತ್ಸೆ ಕೊಡುವ ಓದು ಹಿಡಿದಳಂತೆ.

"ನೀನಾಗಿದ್ರೆ ಏನು ಬರೀತಿದ್ದೆ?" ಎಂದು ಕೇಳಿದಳು.

ನಮ್ಮ ಕ್ಲಾಸಿನಲ್ಲೂ ಅಂಥದೇ ಪ್ರಶ್ನೆ ಕೊಟ್ಟಿದ್ದರು. ನಾನು ಎರಡು ಸಾಲು ಗೀಚಿದ್ದೆ: ನಾನು ಭಾರತದವಳು, ಕಷ್ಟಪಟ್ಟು ದುಡಿಯುವುದು ನಮ್ಮ ಸಂಸ್ಕೃತಿ. ಯಾರು ಬೇಕಾದರೂ ಬರೆಯಬಹುದಾದ ಮಾತು. ಲೂಸಿಯಾಗೆ ಅದನ್ನು ಹೇಳಲು ನಾಚಿಕೆಯಾಗಿ ಟ್ರೇ ಎತ್ತಿಕೊಳ್ಳಲು ಹೋದೆ.

ಆಮೇಲೆ ಅವಳೇ ಕಣ್ಣೊರೆಸಿಕೊಂಡು, "ಅಜ್ಜಿ ಏನೂ ತಿನ್ತಿಲ್ಲವಂತೆ. ಮುಂದಿನ ಸೋಮವಾರ ತೂಕ ನೋಡ್ತಾರೆ. ಇನ್ನೂ ಇಳಿದಿದ್ರೆ ಆಸ್ಪತ್ರೆಗೆ ಸೇರಿಸ್ತಾರಂತೆ. ಅಲ್ಲಿಗೆ ಹೋದ್ರೆ ವಾಪಸ್ ಬರಲ್ಲ ಅನಿಸ್ತಿದೆ," ಎಂದಳು.

ಮರುದಿನ ಊಟದ ಹೊತ್ತಿಗೆ ನಾನು ಬೇಕೆಂದೇ ಎಲೆನಾರ ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಸೂಪಿನ ಬಟ್ಟಲು ತೋರಿಸಿ ಬೇಕಾ ಎಂದು ಸನ್ನೆ ಮಾಡಿದಳು. ಅಜ್ಜಿ, "ನೋ, ಗ್ರಾಸಿಯಾಸ್," ಬೇಡ, ಥ್ಯಾಂಕ್ಸ್, ಎಂದರು. ಹುಡುಗಿ ಒಳ್ಳೆಯವಳೇ, ನಗುತ್ತಾ ಟ್ರೇ ಎತ್ತಿಕೊಂಡಳು. ಆದರೆ ಅಜ್ಜಿಯ ಕಣ್ಣು ಆ ಬಟ್ಟಲಿನ ಹಿಂದೆಯೇ ಬಾಗಿಲ ತನಕ ಬಂತು.

ಅಯ್ಯೋ, ಆ ನೋಟ ನನಗೆ ಗೊತ್ತಿತ್ತು! ಒಬ್ಬಟ್ಟಿನ ಕಾವಲಿ ನೋಡುತ್ತಾ ನಿಂತವಳು ನಾನೇ ಅಲ್ಲವೇ.

ಅಪ್ಪ ಹೊಸದಾಗಿ ಬಡಿಸಲು ಬಂದವರಿಗೆ ಹೇಳುತ್ತಿದ್ದ ಮಾತೊಂದಿದೆ: "ಮೊದಲನೇ ಬೇಡ ಸಂಕೋಚದ್ದು, ಎರಡನೇದು ಮರ್ಯಾದೇದು, ಮೂರನೇದು ಮಾತ್ರ ಹೊಟ್ಟೇದು. ಬಾಯಿ ನೋಡ್ಬೇಡ, ಕೈ ನೋಡು. ಎಲೆ ಮೇಲೆ ಕೈ ಅಡ್ಡ ಬಂತೋ, ಸಾಕು ಅಂತ. ಕೈ ತೊಡೆ ಮೇಲೇ ಇದ್ರೆ ಬಡಿಸು." ಎಲೆನಾರ ಎರಡು ಕೈಯೂ ತೊಡೆಯ ಮೇಲಿದ್ದವು.

ನಾನು ಟ್ರೇ ವಾಪಸ್ಸು ತಂದೆ. ಎರಡನೇ ಸಲ ಕೇಳಿದೆ. ಮತ್ತೆ ಬೇಡ ಎಂದರು, ಆದರೆ ಚೂರು ನಗು ಬಂತು. ಮೂರನೇ ಸಲ ಇಂಗ್ಲಿಷ್ ಮರೆತೇಹೋಗಿ, ಬಗ್ಗಿ, ಥೇಟ್ ಅಪ್ಪನ ರಾಗದಲ್ಲಿ, "ಸ್ವಲ್ಪ ಹಾಕಿಸ್ಕೊಳ್ಳಿ ಅಜ್ಜಿ, ಒಂದೇ ಸೌಟು," ಎಂದುಬಿಟ್ಟೆ. ಅಜ್ಜಿ ದೊಡ್ಡ ಉಪಕಾರ ಮಾಡುವವರ ಹಾಗೆ ನಿಟ್ಟುಸಿರು ಬಿಟ್ಟು ಬಾಯಿ ತೆರೆದರು. ಬಟ್ಟಲು ಬರಿದಾಯಿತು!

ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ, ಶುಕ್ರವಾರ, ಉಸ್ತುವಾರಿಯ ನರ್ಸ್ ಜ್ಯಾನೆಟ್ ಬಾಗಿಲಲ್ಲಿ ನಿಂತಿದ್ದು ನಾನು ನೋಡಲಿಲ್ಲ.

"ಅವರು ಎರಡು ಸಲ ಬೇಡ ಅಂದ್ರು. ನಾನೇ ಕೇಳಿಸ್ಕೊಂಡೆ," ಎಂದರು, ಆಫೀಸಿಗೆ ಕರೆದು. "ಬೇಡ ಅಂದೋರಿಗೆ ಬಲವಂತ ಮಾಡೋ ಹಾಗಿಲ್ಲ. ಇದನ್ನ ನಾನು ರಿಪೋರ್ಟ್ ಮಾಡ್ಲೇಬೇಕು."

"ನಮ್ಮ ಕಡೆ ಬೇಡ ಅನ್ನೋದು..." ಎಂದು ಶುರು ಮಾಡಿದೆ. ಅದು ನಿಮ್ಮ ಕಡೆ, ಇವರು ಚಿಲಿಯವರು ಎಂದುಬಿಟ್ಟರೆ? ಜ್ಯಾನೆಟ್ ಹೇಳುವುದರಲ್ಲೂ ನ್ಯಾಯವಿತ್ತು. ನಾಳೆ ಮೊಮ್ಮಗಳು ಬರಲಿ, ಅಲ್ಲಿಯವರೆಗೆ ಆ ರೂಮಿಗೆ ಕಾಲಿಡಬೇಡ ಎಂದರು. ಕೆಲಸ ಹೋದರೆ ಗತಿಯೇನು ಎಂಬ ಭಯ ಒಂದು ಕಡೆ. ಇವತ್ತು ಸಂಜೆ ಅಜ್ಜಿಗೆ ಯಾರು ಎರಡನೇ ಸಲ ಕೇಳುತ್ತಾರೆ ಎಂಬ ಸಂಕಟ ಇನ್ನೊಂದು ಕಡೆ. ಮನೆಗೆ ಬಂದರೆ ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ.

ಶನಿವಾರ ಜ್ಯಾನೆಟ್ ಮತ್ತು ಲೂಸಿಯಾ ಎದುರು ನಾನು ಅಪ್ಪನ ಕಸುಬನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಬಿಸಿನೆಸ್ಸಲ್ಲ, ಬಡಿಸುವವರು. ಮೂರು ಬೇಡಗಳ ಲೆಕ್ಕ, ಕೈ ನೋಡುವ ಕ್ರಮ, ಎಲ್ಲ ಹೇಳಿದೆ. ಲೂಸಿಯಾ ಕೇಳುತ್ತಾ ಕೇಳುತ್ತಾ ನಗಲು ಶುರು ಮಾಡಿದಳು, ಆಮೇಲೆ ಅಳಲು.

"ನಮ್ಮನೇಲೂ ಹಾಗೇ! ಮೊದಲನೇ ಸಲಕ್ಕೇ ತಗೊಂಡ್ರೆ ಅಜ್ಜಿ ನನ್ನ ಚಿವುಟ್ತಿದ್ರು, ಹಸಿದವರ ಹಾಗೆ ಆಡ್ಬೇಡ ಅಂತ. ನನಗೇ ಹೊಳೀಲಿಲ್ವಲ್ಲ! ಅಜ್ಜಿಯ ಮಾತನ್ನೆಲ್ಲ ನಾನೇ ಅನುವಾದ ಮಾಡಿದೋಳು, ಇದೊಂದನ್ನ ಮಾತ್ರ ಯಾರಿಗೂ ಹೇಳ್ಲಿಲ್ಲ."

ಜ್ಯಾನೆಟ್ ಪೆನ್ನು ಕೈಗೆತ್ತಿಕೊಂಡರು. "ಇದನ್ನ ನೀನು ಮೊದಲನೇ ದಿನವೇ ಬಂದು ನನಗೆ ಹೇಳ್ಬೇಕಿತ್ತು," ಎಂದು ಗದರಿಸಿ, ಎಲೆನಾರ ಫೈಲಿನಲ್ಲಿ ಬರೆದರು: ಮೂರು ಸಲ ಕೇಳಿ. ಕೈ ಗಮನಿಸಿ. ತಟ್ಟೆಗೆ ಕೈ ಅಡ್ಡ ಹಿಡಿದರೆ ನಿಲ್ಲಿಸಿ. ನಮ್ಮಪ್ಪನ ಮಾತು ಇಂಗ್ಲಿಷಿನಲ್ಲಿ, ಸಹಿ ಸಮೇತ! ಸೋಮವಾರ ತೂಕ ಇಳಿದಿರಲಿಲ್ಲ, ಚೂರು ಏರಿತ್ತು. ಆಸ್ಪತ್ರೆಯ ಮಾತು ಅಲ್ಲಿಗೆ ನಿಂತಿತು.

ಮರೆಯಲಾಗದ್ದು ನಡೆದದ್ದು ಆ ವಾರದ ಕೊನೆಗೆ. ಯಾರದೋ ಹುಟ್ಟುಹಬ್ಬ ಎಂದು ಮಧ್ಯಾಹ್ನ ಎಲ್ಲರ ರೂಮಿಗೂ ಒಂದೊಂದು ತುಂಡು ಕೇಕು ಹೋಗಿತ್ತು. ನಾನು ಟ್ರೇ ತೆಗೆಯಲು ಹೋದಾಗ ಎಲೆನಾ ಕೇಕು ಮುಟ್ಟದೆ ಕುಳಿತಿದ್ದರು. ಕುರ್ಚಿ ತೋರಿಸಿದರು. ಕುಳಿತೆ. ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ನೋ, ಗ್ರಾಸಿಯಾಸ್," ಎಂದೆ ನಗುತ್ತಾ.

ಮತ್ತೆ ತಳ್ಳಿದರು. "ಬೇಡ ಅಜ್ಜಿ, ನಿಮಗಿರಲಿ," ಎಂದೆ.

ಅಜ್ಜಿ ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದರು. ನನ್ನೆರಡು ಕೈಯೂ ತೊಡೆಯ ಮೇಲಿದ್ದವು. "ಮಿಹಿತಾ," ಎಂದರು. ಮಗಳೇ ಎಂದು ಅದರರ್ಥ. ಚಮಚದಲ್ಲಿ ಕೇಕು ಮುರಿದು, ನನ್ನ ಬಾಯಿಯ ತನಕ ತಂದರು.

ಹದಿನಾಲ್ಕು ತಿಂಗಳಲ್ಲಿ ನನ್ನನ್ನು ಮೂರನೇ ಸಲ ಕೇಳಿದವರು ಅವರೊಬ್ಬರೇ. ಬಾಯಲ್ಲಿ ಕೇಕು ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜಿ ಬೆನ್ನು ಸವರಿ, ಇನ್ನೊಂದು ಚಮಚ ಹಾಕಿದರು.

ಆ ಸಂಜೆ ನಾನೇ ಅಪ್ಪನಿಗೆ ಫೋನು ಮಾಡಿ, ಫೈಲಿನಲ್ಲಿ ಬರೆದ ಮಾತಿನಿಂದ ಕೇಕಿನ ತನಕ ಎಲ್ಲ ಹೇಳಿದೆ. ಕೊನೆಗೆ, "ಅಪ್ಪ, ಯುಗಾದಿ ದಿನ ನಾನು ಒಬ್ಬಟ್ಟು ತಿಂದಿರ್ಲಿಲ್ಲ," ಎಂದೆ.

"ಗೊತ್ತು ಪುಟ್ಟಿ. ನಾಲ್ಕು ಹಾಕಿದ್ರು ಅಂದ್ಯಲ್ಲ. ಹುಟ್ಟಿದಾಗಿಂದ ನೀನು ಎರಡರ ಮೇಲೆ ತಿಂದಿದ್ದು ನಾನು ಕಂಡಿಲ್ಲ," ಎಂದರು ಅಪ್ಪ.

ಲ್ಯಾಬಿನ ಆಸೆ ಬಿಟ್ಟೆ. ಆಸ್ಪತ್ರೆಯಲ್ಲಿ ರೋಗಿಗಳ ಊಟ ನೋಡಿಕೊಳ್ಳುವ ಡಯಟೀಶಿಯನ್ ಕೋರ್ಸಿಗೆ ಅರ್ಜಿ ಹಾಕಿದಾಗ ಮತ್ತೆ ಅದೇ ಪ್ರಶ್ನೆ ಬಂತು. ಈ ಸಲ, 'ನಮ್ಮಪ್ಪ ಮದುವೆ ಮನೆಗಳಲ್ಲಿ ಬಡಿಸುತ್ತಾರೆ' ಎಂದು ಶುರು ಮಾಡಿ ಪುಟ ತುಂಬಿಸಿದೆ. ಸೀಟು ಪರ್ತ್‌ನಲ್ಲಿ ಸಿಕ್ಕಿತು. ಎಲೆನಾ ಅಜ್ಜಿ ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು ಎಂದು ಲೂಸಿಯಾ ತಿಳಿಸಿದಳು. ಕೊನೆಯವರೆಗೂ ಹಸಿದಿರಲಿಲ್ಲ ಎಂದೂ ಬರೆದಿದ್ದಳು.

ಈಗ ಪರ್ತ್‌ನ ಥಾರ್ನ್ಲಿ ಬಡಾವಣೆಯ ಒಂದು ರೂಮಿನಲ್ಲಿ ಒಬ್ಬಳೇ ಇದ್ದೇನೆ. ಒಂದೇ ಸಲಕ್ಕೆ ಹೂಂ ಅನ್ನುವುದನ್ನು ಸುಮಾರಾಗಿ ಕಲಿತಿದ್ದೇನೆ. ಆದರೂ ಊಟಕ್ಕೆ ಕುಳಿತಾಗ, ಎರಡನೇ ಸಲ ಅನ್ನ ಹಾಕಿಕೊಳ್ಳುವ ಮೊದಲು ಯಾರಾದರೂ ಕೇಳಲಿ ಎಂದು ಒಂದು ಗಳಿಗೆ ಕಾಯುತ್ತೇನೆ. ಯಾರೂ ಕೇಳುವುದಿಲ್ಲ. "ಸ್ವಲ್ಪ ಹಾಕಿಸ್ಕೊಳ್ಳಿ" ಎಂದು ನಾನೇ ಹೇಳಿಕೊಂಡು, ನಾನೇ ಬಡಿಸಿಕೊಳ್ಳುತ್ತೇನೆ.