ಕಿವಿಯ ಗುರುತು

ಕಳೆದ ವಾರ ಹುಕ್ಕೇರಿ ಬಸ್ಸಿನಲ್ಲಿ ನನ್ನ ಬಾಜೂ ಕೂತಿದ್ದ ಮುದುಕನ ಕಂಬಳಿ ಮಳೆಗೆ ತೊಯ್ದಿತ್ತು. ಹಸಿ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಸರ್ ನೆನಪಾದರು. ಅವರು ಎಂದೂ ಕಂಬಳಿ ಹೊದ್ದವರಲ್ಲ. ಆದರೆ ಕಡೆಗೆ ಅವರನ್ನು ಹೊತ್ತು ಒಯ್ದದ್ದು ಕಂಬಳಿಯಲ್ಲೇ...

ತೊಂಬತ್ತರ ದಶಕದ ಕೊನೆಯ ವರ್ಷಗಳು. ಗೋಕಾಕದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಖೋಲಿಯಲ್ಲಿ ಸರ್ ನಮ್ಮನ್ನು ಬ್ಯಾಂಕ್ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಒಂದು ಹೇಳಿಕೆ ಕೊಟ್ಟು, ಅದರೊಳಗೆ ಅಡಗಿದ ಊಹೆ ಯಾವುದೆಂದು ಕೇಳುವ ಪ್ರಶ್ನೆಗಳೆಂದರೆ ಅವರಿಗೆ ಪ್ರಾಣ.

"ಮಗನ, ಛತ್ರಿ ತಗೊಂಡ ಹೋಗು ಅಂತ ಅವ್ವ ಅಂದ್ಲು. ಊಹೆ ಏನೋ?"

"ಮಳಿ ಬರತೈತಿ ಅಂತ್ರಿ."

"ಅಷ್ಟಽ? ಮಗ ತನ್ನ ಮಾತ ಕೇಳ್ತಾನ ಅಂತ ಸುದ್ದಾ ನಂಬ್ಯಾಳಲ್ಲೋ, ಪಾಪ!"

ಇಡೀ ಕ್ಲಾಸು ನಗುತ್ತಿತ್ತು.

ರವಿವಾರ ಮೂಡಲಗಿಯಲ್ಲೂ ಅವರದೊಂದು ಕ್ಲಾಸಿತ್ತು. ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಸಲ ಮುಗಿಸಿ ಹೊರಟಾಗ ಕುರಿ ಸಂತೆಯಲ್ಲಿ ಒಬ್ಬ ಕುರಿಗಾರನನ್ನು ಬಂಡಿಯ ಗಾಲಿಗೆ ಕಟ್ಟಿ ಬಡಿಯುತ್ತಿದ್ದರು. ಬಾರುಕೋಲು, ಚಪ್ಪಲಿ, ಕೈಗೆ ಸಿಕ್ಕದ್ದು. ಅವನ ತುಟಿ ಸೀಳಿತ್ತು. ಧೂಳಿನಲ್ಲಿ ಒಂದು ಹಲ್ಲು ಬಿದ್ದಿತ್ತು... ಅದು ಬೆಣಚುಕಲ್ಲೂ ಆಗಿದ್ದೀತು, ಈಗ ಖಾತ್ರಿಯಿಲ್ಲ. ಅವನು ಮೇಯಿಸುತ್ತಿದ್ದ ಹಿಂಡಿನ ಮಾಲೀಕನ ಅಳಿಯ, ಹುಕ್ಕೇರಿ ಕಡೆಯಿಂದ ಹೊಸದಾಗಿ ಬಂದವನು, ಒಂದು ಮರಿಯ ಕಿವಿ ಹಿಡಿದು ಎತ್ತಿದ್ದ.

"ನೋಡ್ರಿ, ನಮ್ಮ ಮಾವನ ಗುರುತು! ಕದ್ದು ಮಾರಾಕ ಬಂದಾನ!"

ಸರ್ ಗುಂಪನ್ನು ಸೀಳಿಕೊಂಡು ಒಳಗೆ ಹೋದರು.

"ಗುರುತು ನಿಮ್ಮದ, ಖರೆ. ಗುರುತ ಇದ್ದ ಮರಿ ಎಲ್ಲಾ ನಿಮ್ಮದ ಅಂತ ಹೆಂಗ ಅಂತೀರಿ? ಮೇಸಿದ್ದಕ್ಕ ಪಾಲ ಬಂದಿರಬೇಕಲ್ರಿ. ಮಾವನ್ನ ಕೇಳ್ರಿ ಮೊದಲ."

ಆ ಕಡೆ ಮರಿ ಹುಟ್ಟಿದ ಕೆಲವೇ ದಿನಕ್ಕೆ ಮಾಲೀಕನ ಗುರುತಿಗೆ ಕಿವಿ ಕತ್ತರಿಸುತ್ತಿದ್ದರು. ಮೇಯಿಸಿದವನಿಗೆ ಕೂಲಿಯ ಬದಲು ಮರಿಗಳಲ್ಲಿ ಪಾಲು ಕೊಡುವುದು ಅದಾದ ಮೇಲೆ. ಪಾಲಿಗೆ ಬಂದ ಮರಿಗೂ ಮಾಲೀಕನ ಗುರುತೇ ಉಳಿಯುತ್ತಿತ್ತು; ಕತ್ತರಿಸಿದ ಕಿವಿ ಮತ್ತೆ ಕೂಡುವುದಿಲ್ಲವಲ್ಲ.

"ಕಳ್ಳನ ವಕೀಲ ಬಂದ್ರಪಾ!" ಯಾರೋ ಕೂಗಿದರು. "ಅವರಿಗೂ ಎರಡ ಹಾಕ್ರಿ, ಫೀಸು!"

ಸರ್ ಕ್ಲಾಸಿನಲ್ಲಿ ಎತ್ತುವ ಹಾಗೆಯೇ ಬೆರಳು ಎತ್ತಿದರು. ಮೊದಲ ಏಟು ಆ ಕೈಗೇ ಬಿತ್ತು. ಎರಡನೆಯದು, ಬಂಡಿಯ ಗೂಟದ್ದು, ತಲೆಗೆ. ನಾನು ನುಗ್ಗಿದೆ, ಹೊಟ್ಟೆಗೆ ಯಾರೋ ಒದ್ದರು. ನೆಲದಿಂದ ನನಗೆ ಕಂಡದ್ದು ಬರೀ ಕಾಲುಗಳು. ಅವುಗಳ ನಡುವೆ ಸರ್ ಕನ್ನಡಕ, ಅದರ ಮೇಲೊಂದು ಕಾಲು.

ಅಷ್ಟರಲ್ಲಿ ಮಾವ ಓಡಿಬಂದ. "ಲೇ ಹುಚ್ಚಾ, ಅದು ಅವನ ಪಾಲಿಂದೋ! ನಾನಽ ಕೊಟ್ಟೇನಿ!"

ಗುಂಪು ಎತ್ತ ಹೋಯಿತೋ. ಕಟ್ಟು ಬಿಚ್ಚಿದ ಕುರಿಗಾರ ತನ್ನ ಕಂಬಳಿ ಹಾಸಿದ. ಸರ್ ಮುಖಕ್ಕೆ ಸುರಿದ ನೀರು, ರಕ್ತ, ಎಲ್ಲ ಅದರಲ್ಲೇ ಇಂಗಿತು.

ಅದೇ ಕಂಬಳಿಯಲ್ಲಿ ಹೊತ್ತು ಅವರನ್ನು ಯಾರದೋ ಜೀಪಿಗೆ ಹಾಕಿದೆವು. ದವಾಖಾನೆಯ ದಾರಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. "ತಮ್ಮಾ... ನನ್ನ ಮಾತಿನಾಗ ಊಹೆ ಯಾವುದಿತ್ತೋ?"

"ಅವರು ಕೇಳ್ತಾರ ಅಂತ್ರಿ, ಸರ್ರ."

ಅವರ ತುಟಿ ಅಲುಗಿತು. ನಗುವೋ, ನೋವೋ... ಮರುದಿನ ಸರ್ ಹೋದರು.

ಒಡೆದ ತಲೆಯ ಮನುಷ್ಯ ಅಷ್ಟು ಸ್ಪಷ್ಟವಾಗಿ ಕೇಳಿರಲಾರ ಎಂದು ಈಗ ಅನ್ನಿಸುತ್ತದೆ. ಪ್ರಶ್ನೆಯನ್ನು ನಾನೇ ಆಮೇಲೆ ಕೂಡಿಸಿಕೊಂಡಿರಬಹುದು. ಆದರೂ ನನ್ನ ಉತ್ತರವನ್ನು ಅಳಿಸಲು ಆಗಿಲ್ಲ.

ಬಸ್ಸು ನಿಂತಿತು. ಹೊರಗೆ ಮಳೆ ಜೋರಾಗಿತ್ತು. ಮುದುಕ ಇಳಿಯಲು ಎದ್ದ. "ಮುಂದಿನ ಸ್ಟಾಪಿಗೆ ಇಳೀರಿ ಕಾಕಾ, ಅಲ್ಲಿ ಶೆಡ್ ಐತಿ" ಎಂದೆ. ಮುದುಕ ನನ್ನನ್ನೊಮ್ಮೆ ನೋಡಿದ. ಕಂಬಳಿ ತಲೆಗೆಳೆದುಕೊಂಡು ಇಳಿದುಹೋದ.